ನಿಂತಾಗ ಎಂಜಿನ್ ಬಿಸಿಯೇರುತ್ತದೆ, ಫ್ಯಾನ್ ಮೋಟಾರ್ ಬದಲಿಸಿದರೂ ಸರಿಹೋಗಿಲ್ಲ: ದೋಷವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಶಿವಮೊಗ್ಗದ ಸದಸ್ಯರಿಂದ

ಎಲ್ಲರಿಗೂ ನಮಸ್ಕಾರ. ನನ್ನದು ಹನ್ನೊಂದು ವರ್ಷ ಹಳೆಯದಾದ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು. ರೇಡಿಯೇಟರಿನ ಹಿಂದೆ ಒಂದೇ ಫ್ಯಾನ್ ಇದ್ದು, ಎಸಿ ಹಾಕಿದಾಗಲೂ ಅದೇ ತಿರುಗಬೇಕು. ಅಮ್ಮನನ್ನು ಚಿಕಿತ್ಸೆಗೆಂದು ತಿಂಗಳಿಗೆ ಎರಡು ಸಲ ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಉಡುಪಿಗೆ ಕರೆದುಕೊಂಡು ಹೋಗುತ್ತೇನೆ. ಹಾಗಾಗಿ ಈ ಕಾರನ್ನು ನಂಬುವಂತಾಗುವುದು ನನಗೆ ಬಹಳ ಮುಖ್ಯ.

ತೊಂದರೆ ಇಷ್ಟು. ತೆರೆದ ರಸ್ತೆಯಲ್ಲಿ ಅರವತ್ತು, ಎಪ್ಪತ್ತರ ವೇಗದಲ್ಲಿ ಓಡುವಾಗ ಬಿಸಿಯ ಮುಳ್ಳು ನಡುವಿನಿಂದ ಕದಲುವುದಿಲ್ಲ. ಆದರೆ ಊರೊಳಗೆ ಸಿಗ್ನಲ್‌ನಲ್ಲಿ ನಾಲ್ಕು ನಿಮಿಷ ನಿಂತರೆ, ಅಥವಾ ಹಿಂತಿರುಗುವಾಗ ಸೋಮೇಶ್ವರದಿಂದ ಘಾಟಿ ಹತ್ತುತ್ತ ನಿಧಾನವಾದ ವಾಹನವೊಂದರ ಹಿಂದೆ ಸಿಕ್ಕಿಕೊಂಡರೆ, ಮುಳ್ಳು ಮೇಲೇರತೊಡಗುತ್ತದೆ. ಕಳೆದ ತಿಂಗಳು ಘಾಟಿಯ ನಡುವೆ ಅಮ್ಮನನ್ನು ಬಂಡೆಯೊಂದರ ಮೇಲೆ ಕೂರಿಸಿ ಮುಕ್ಕಾಲು ಗಂಟೆ ಎಂಜಿನ್ ಆರಲು ಕಾದೆ. ಆಗ ಬಾನೆಟ್ ತೆರೆದು ನೋಡಿದರೆ ಫ್ಯಾನ್ ಅಲುಗಾಡುತ್ತಿರಲಿಲ್ಲ. ಮರುದಿನ ಮನೆಯಲ್ಲಿ ನೋಡಿದಾಗ ತಿರುಗುತ್ತಿತ್ತು, ಆದರೆ ಮೊದಲಿನ ಭರಾಟೆ ಇರಲಿಲ್ಲ.

ರಿಪೇರಿಗೆ ಕೊಟ್ಟ ಕಡೆ ಮೊದಲು ಕೂಲೆಂಟ್ ಬದಲಿಸಿದರು, ಆಮೇಲೆ ರಿಲೇ (ಸಣ್ಣ ಕರೆಂಟಿನಿಂದ ಫ್ಯಾನಿನ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್), ಆಮೇಲೆ ಫ್ಯಾನ್ ಮೋಟಾರ್. ಎರಡು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಈಗ ಇಸಿಎಂ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ, ಅದನ್ನೇ ಬದಲಿಸಬೇಕು ಎನ್ನುತ್ತಾರೆ. ಇನ್ನೊಬ್ಬ ಎಲೆಕ್ಟ್ರಿಷಿಯನ್ ಅದೆಲ್ಲ ಬೇಡ, ಡ್ಯಾಶ್‌ಬೋರ್ಡಿಗೆ ಒಂದು ಸ್ವಿಚ್ ಹಾಕಿ ಫ್ಯಾನಿಗೆ ಡೈರೆಕ್ಟ್ ಕೊಟ್ಟುಬಿಡೋಣ ಎನ್ನುತ್ತಾರೆ. ನಾನು ಫ್ಯೂಸ್ ತೆಗೆದು ನೋಡಿದೆ, ಚೆನ್ನಾಗಿದೆ. ಮೋಟಾರಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ ಎಸಿ ಹಾಕಿ ಮಲ್ಟಿಮೀಟರ್ ಹಿಡಿದರೆ 12.4 ವೋಲ್ಟ್ ತೋರಿಸಿತು. ಕರೆಂಟ್ ಬರುತ್ತಿದೆ, ಮೋಟಾರೂ ಹೊಸದು, ಆದರೂ ಫ್ಯಾನ್ ಸರಿಯಾಗಿ ತಿರುಗುವುದಿಲ್ಲವೆಂದರೆ ಏನರ್ಥ? ಇಸಿಎಂಗೆ ಹಣ ಸುರಿಯುವ ಮುನ್ನ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1: ಬೆಂಗಳೂರಿನಿಂದ

ಸರ್, ಓಡುವಾಗ ಸರಿಯಿದ್ದು ನಿಂತಾಗ ಬಿಸಿಯಾಗುತ್ತಿರುವುದರಿಂದ ಅನುಮಾನ ಫ್ಯಾನಿನ ಕಡೆಗೇ ಹೋಗುವುದು ಸಹಜ, ಏಕೆಂದರೆ ವೇಗದಲ್ಲಿದ್ದಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ಆದರೂ ವೈರಿಂಗ್‌ಗೆ ಕೈಹಾಕುವ ಮೊದಲು ಎರಡು ವಿಷಯ ಖಚಿತಪಡಿಸಿಕೊಳ್ಳಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆರೆದು, ಕೂಲೆಂಟ್ ಕತ್ತಿನವರೆಗೆ ಇದೆಯೇ ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಮಟ್ಟವನ್ನಷ್ಟೇ ನಂಬಬೇಡಿ. ಕೂಲೆಂಟ್ ಕಡಿಮೆಯಿದ್ದು ಬಿಸಿ ಅಳೆಯುವ ಸೆನ್ಸರ್ ಇರುವ ಜಾಗದಲ್ಲಿ ಗಾಳಿ ತುಂಬಿಕೊಂಡರೆ ಅದು ನಿಜವಾದ ಬಿಸಿಯನ್ನು ಹೇಳಲಾರದು, ಫ್ಯಾನಿಗೆ ಕರೆಯೂ ಹೋಗುವುದಿಲ್ಲ. ಎರಡನೆಯದಾಗಿ, ಎಂಜಿನ್ ಕಾದ ಮೇಲೆ ರೇಡಿಯೇಟರಿನ ಕೆಳಗಿನ ಹೋಸ್ ಬಳಿ ಕೈ ಒಯ್ದು ನೋಡಿ. ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗೇ ಉಳಿದಿದ್ದರೆ ಥರ್ಮೋಸ್ಟ್ಯಾಟ್ (ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆದುಕೊಳ್ಳದಿರುವುದೋ ರೇಡಿಯೇಟರ್ ಕಟ್ಟಿಕೊಂಡಿರುವುದೋ ಇರಬಹುದು. ಆಗ ಫ್ಯಾನನ್ನು ದೂರಿ ಪ್ರಯೋಜನವಿಲ್ಲ.

ಬ್ಲೂಟೂತ್‌ನ ಇಎಲ್‌ಎಂ 327 ಸಾಧನವೊಂದನ್ನು ತರಿಸಿಕೊಂಡು ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಜಾಗ) ಸಿಕ್ಕಿಸಿದರೆ ಕೂಲೆಂಟಿನ ಬಿಸಿಯನ್ನು ಮೊಬೈಲಿನಲ್ಲೇ ಅಂಕಿಯಾಗಿ ಓದಬಹುದು. ಡ್ಯಾಶ್‌ಬೋರ್ಡಿನ ಮುಳ್ಳು ಅನೇಕ ಕಾರುಗಳಲ್ಲಿ ನಡುಭಾಗದಲ್ಲಿ ಬೇಕೆಂದೇ ಸ್ಥಿರವಾಗಿ ನಿಲ್ಲುವಂತೆ ಮಾಡಿರುತ್ತಾರಾದ್ದರಿಂದ, ಅದು ಕದಲುವ ಹೊತ್ತಿಗೆ ಎಂಜಿನ್ ಆಗಲೇ ಮಿತಿ ಮೀರಿರುತ್ತದೆ.

ಉತ್ತರ 2: ಸಾಗರದಿಂದ, ನಿವೃತ್ತ ಆಟೋ ಎಲೆಕ್ಟ್ರಿಷಿಯನ್

ಬೆಂಗಳೂರಿನವರು ಹೇಳಿದ ಎರಡೂ ಪರೀಕ್ಷೆಗಳನ್ನು ಮೊದಲು ಮುಗಿಸಿಕೊಳ್ಳಿ. ಅವು ಸರಿಯಿದ್ದರೆ ಮುಂದಿನದನ್ನು ನಾನು ಹೇಳುತ್ತೇನೆ. ಒಂದು ಎಚ್ಚರಿಕೆ: ಕೀಲಿ ತೆಗೆದ ಮೇಲೂ ಹಲವು ಕಾರುಗಳಲ್ಲಿ ಫ್ಯಾನ್ ತಾನಾಗಿಯೇ ತಿರುಗತೊಡಗುತ್ತದೆ. ಅದರ ರೆಕ್ಕೆಗಳ ಬಳಿ ಕೈಯಿಡುವ ಕೆಲಸವಿದ್ದಾಗಲೆಲ್ಲ ಬ್ಯಾಟರಿಯ ನೆಗೆಟಿವ್ ಕಳಚಿಡಿ. ಅಳತೆಗೆಂದು ಎಂಜಿನ್ ಚಾಲೂ ಇರುವಾಗ ಶಾಲು, ಸಡಿಲ ತೋಳು, ಪಂಚೆಯ ಅಂಚು ಹತ್ತಿರ ಸುಳಿಯಬಾರದು.

ನಿಮ್ಮ ಕಾರಿನ ಫ್ಯಾನ್ ತಿರುಗಬೇಕಾದರೆ ಮೂರು ಕೆಲಸ ಆಗಬೇಕು. ಸೆನ್ಸರ್ ಬಿಸಿಯನ್ನು ಅಳೆದು ಇಸಿಎಂಗೆ ಹೇಳಬೇಕು. ಇಸಿಎಂ ರಿಲೇಯ ಕಾಯಿಲ್‌ಗೆ (ಒಳಗಿನ ತಂತಿಸುರುಳಿಗೆ) ಅರ್ಥ್ ಕೊಟ್ಟು ಅದನ್ನು ಎಳೆಯಬೇಕು. ರಿಲೇಯ ಒಳಗಿನ ಕಾಂಟ್ಯಾಕ್ಟ್ ಕೂಡಿಕೊಂಡು, ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ಕರೆಂಟನ್ನು ಮೋಟಾರಿಗೂ, ಅಲ್ಲಿಂದ ಬಾಡಿ ಅರ್ಥ್, ಅಂದರೆ ಕಾರಿನ ಲೋಹದ ಮೈ, ಮೂಲಕ ಮರಳಿ ಬ್ಯಾಟರಿಗೂ ಮುಟ್ಟಿಸಬೇಕು. ಮೊದಲ ಎರಡು ಕೆಲಸಗಳಲ್ಲಿ ಹರಿಯುವುದು ಅತ್ಯಲ್ಪ ಕರೆಂಟ್. ರಿಲೇ ಕಾಯಿಲ್ ಸಾಮಾನ್ಯವಾಗಿ 60ರಿಂದ 100 ಓಮ್ ಇರುವುದರಿಂದ ಅದು ಎಳೆಯುವುದು ಹೆಚ್ಚೆಂದರೆ ಸುಮಾರು 1 ಆಂಪಿಯರಿನ ಐದನೇ ಒಂದು ಭಾಗ ಮಾತ್ರ. ಮೂರನೆಯದರಲ್ಲಿ 10ರಿಂದ 15 ಆಂಪಿಯರ್ ಹರಿಯುತ್ತದೆ, ಮೋಟಾರ್ ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಹಾಗಾಗಿಯೇ ಅಲ್ಲಿ 30 ಅಥವಾ 40 ಆಂಪಿಯರಿನ ದೊಡ್ಡ ಫ್ಯೂಸ್ ಇರುವುದು. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ದೋಷಗಳು ಈ ದೊಡ್ಡ ಕರೆಂಟಿನ ದಾರಿಯಲ್ಲೇ ಇರುತ್ತವೆ, ಆದರೆ ಹಣ ಖರ್ಚಾಗುವುದು ಮಾತ್ರ ಇಸಿಎಂ, ಸೆನ್ಸರ್‌ಗಳ ಮೇಲೆ.

ಇಸಿಎಂ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ನಿಮ್ಮ ಒಂದು ಬೆರಳೇ ಹೇಳಬಲ್ಲದು. ಎಸಿ ಹಾಕದೆ ಎಂಜಿನ್ನನ್ನು ನಿಂತಲ್ಲೇ ಓಡಿಸಿ, ಮೊಬೈಲಿನಲ್ಲಿ ಬಿಸಿಯನ್ನು ನೋಡುತ್ತಿರಿ, ಫ್ಯಾನ್ ರಿಲೇಯ ತಲೆಯ ಮೇಲೆ ಬೆರಳಿಟ್ಟುಕೊಳ್ಳಿ. ಸಾಮಾನ್ಯವಾಗಿ 95ರಿಂದ 100 ಡಿಗ್ರಿಯ ನಡುವೆ ಬೆರಳಿಗೆ ಟಕ್ ಎಂಬ ಸಣ್ಣ ಪೆಟ್ಟು ತಾಗಬೇಕು. ತಾಗಿತೆಂದರೆ ಸೆನ್ಸರ್ ಬಿಸಿಯನ್ನು ಹೇಳಿದೆ, ಇಸಿಎಂ ಅದನ್ನು ಕೇಳಿ ಅಪ್ಪಣೆಯನ್ನೂ ಕೊಟ್ಟಿದೆ. ಇಸಿಎಂ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು. ಆದರೆ ರಿಲೇ ಟಕ್ ಎಂದ ಮಾತ್ರಕ್ಕೆ ಅದರ ಕಾಂಟ್ಯಾಕ್ಟ್ ಕರೆಂಟನ್ನು ದಾಟಿಸುತ್ತಿದೆ ಎಂದುಕೊಳ್ಳಬೇಡಿ, ಸುಟ್ಟ ಕಾಂಟ್ಯಾಕ್ಟೂ ಅದೇ ಸದ್ದನ್ನೇ ಮಾಡುತ್ತದೆ. ಒಂದು ವೇಳೆ ಟಕ್ ಎನ್ನದೇ ಹೋದರೆ ಸೆನ್ಸರಿನ ಕಪ್ಲರ್ ಬಿಚ್ಚಿ ನೋಡಿ. ಬಹುತೇಕ ಕಾರುಗಳಲ್ಲಿ ಸೆನ್ಸರ್ ಕಾಣೆಯಾದ ಕೂಡಲೇ ಎಂಜಿನ್ ಉಳಿಸಲೆಂದು ಇಸಿಎಂ ಫ್ಯಾನನ್ನು ಓಡಿಸಿಬಿಡುತ್ತದೆ. ಹಾಗೆ ಓಡಿದರೆ ಸೆನ್ಸರ್ ತಪ್ಪು ಹೇಳುತ್ತಿದೆ ಎಂದೇ ಹೆಚ್ಚಿನ ಸಂಭವ; ಅದನ್ನು ಮೀಟರಿನಲ್ಲಿ ಅಳೆದರೆ ತಣ್ಣಗಿರುವಾಗ ಸುಮಾರು 2ರಿಂದ 2.5 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ಇರುವುದು ಸಾಮಾನ್ಯ. ಕಪ್ಲರ್ ಬಿಚ್ಚಿದ್ದರಿಂದ ಇಸಿಎಂನಲ್ಲಿ ಪಿ0118 ಎಂಬ ದೋಷದ ಕೋಡ್ ದಾಖಲಾಗುತ್ತದೆ, ಆಮೇಲೆ ಅಳಿಸಿಕೊಳ್ಳಿ.

ಇನ್ನು ನಿಮ್ಮ 12.4 ವೋಲ್ಟಿನ ವಿಷಯ. ಇಲ್ಲಿಯೇ ನೀವು ಮಾತ್ರವಲ್ಲ, ಎಷ್ಟೋ ಕಲಿತವರೂ ದಾರಿ ತಪ್ಪುತ್ತಾರೆ. ನಮ್ಮ ಅಡಕೆ ತೋಟದಲ್ಲಿ ಸ್ಪ್ರಿಂಕ್ಲರ್ ಲೈನಿನ ವಾಲ್ವ್‌ಗಳನ್ನೆಲ್ಲ ಮುಚ್ಚಿ ಪಂಪ್ ಚಾಲೂ ಮಾಡಿದರೆ, ಫಿಲ್ಟರ್ ಅರ್ಧಕ್ಕರ್ಧ ಕಟ್ಟಿಕೊಂಡಿದ್ದರೂ ಕೊನೆಯ ಪೈಪಿನಲ್ಲಿ ಒತ್ತಡ ಪೂರ್ತಿ ತೋರಿಸುತ್ತದೆ, ಏಕೆಂದರೆ ನೀರು ಹರಿಯುತ್ತಲೇ ಇಲ್ಲ. ವಾಲ್ವ್ ತೆರೆದು ಜೆಟ್‌ಗಳು ತಿರುಗತೊಡಗಿದಾಗಲೇ ಒತ್ತಡ ಕುಸಿದು, ಕೊನೆಯ ಸಾಲಿನ ಮರಗಳಿಗೆ ನೀರು ಸಿಡಿಯುವುದಿಲ್ಲ. ಕಪ್ಲರ್ ಬಿಚ್ಚಿ ಅಳೆದಾಗ ನೀವು ಮಾಡಿದ್ದು ವಾಲ್ವ್ ಮುಚ್ಚಿ ಒತ್ತಡ ನೋಡಿದಂತೆ. ಮಲ್ಟಿಮೀಟರಿನ ಒಳಗಿನ ತಡೆ ಸಾಮಾನ್ಯವಾಗಿ 10 ಮೆಗಾ ಓಮ್ ಇರುವುದರಿಂದ ಅದು ಎಳೆಯುವುದು ಒಂದೆರಡು ಮೈಕ್ರೋ ಆಂಪಿಯರ್ ಮಾತ್ರ; ವೈರಿನ ಮೂವತ್ತು ಎಳೆಗಳಲ್ಲಿ ಇಪ್ಪತ್ತೊಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಅದು 12.4 ಎಂದೇ ತೋರಿಸುತ್ತದೆ. ಮೋಟಾರ್ ಜೋಡಿಸಿದ್ದು, ಕರೆಂಟ್ ಹರಿಯುತ್ತಿರುವಾಗ ಅಳೆದದ್ದು ಮಾತ್ರ ಅಳತೆ.

ಆದ್ದರಿಂದ ಕಪ್ಲರ್ ಮತ್ತೆ ಜೋಡಿಸಿ, ಅದರ ಹಿಂಬದಿಯಿಂದ, ವೈರ್ ಒಳಹೋಗುವ ಸಂದಿನಲ್ಲಿ ಎರಡೂ ಕಡೆ ಒಂದೊಂದು ಗುಂಡುಸೂಜಿಯನ್ನು ಲೋಹಕ್ಕೆ ತಾಗುವಂತೆ ಇಳಿಸಿ; ಎರಡು ಸೂಜಿಗಳು ಒಂದಕ್ಕೊಂದು ಮುಟ್ಟಬಾರದು. ಎಂಜಿನ್ ಚಾಲೂ ಮಾಡಿ ಎಸಿ ಹಾಕಿ ಫ್ಯಾನ್ ತಿರುಗಿಸಿ. ಮೊದಲು ಬ್ಯಾಟರಿಯ ಎರಡು ತಲೆಗಳ ನಡುವಿನ ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ ಮೋಟಾರಿನ ಎರಡು ಸೂಜಿಗಳ ನಡುವೆ. ಆಮೇಲೆ ಬ್ಯಾಟರಿ ಪಾಸಿಟಿವ್‌ನಿಂದ ಮೋಟಾರಿನ ಪಾಸಿಟಿವ್ ಸೂಜಿಗೆ. ಕೊನೆಗೆ ಮೋಟಾರಿನ ನೆಗೆಟಿವ್ ಸೂಜಿಯಿಂದ ಬ್ಯಾಟರಿ ನೆಗೆಟಿವ್‌ಗೆ. ಇಲ್ಲಿ ಬ್ಯಾಟರಿಯ ಸೀಸದ ತಲೆಗೇ ಹಿಡಿಯಬೇಕು, ಬಾಡಿಗೆ ಅಲ್ಲ. ಪಾಸಿಟಿವ್ ದಾರಿಯಲ್ಲಿ ಅರ್ಧ ವೋಲ್ಟಿನ ಆಸುಪಾಸು, ನೆಗೆಟಿವ್ ದಾರಿಯಲ್ಲಿ 0.2 ವೋಲ್ಟಿನೊಳಗೆ ನಷ್ಟವಿದ್ದರೆ ಚಿಂತೆಯಿಲ್ಲ. ಕೊನೆಯ ಮೂರು ಅಂಕಿಗಳನ್ನು ಕೂಡಿದರೆ ಮೊದಲನೆಯದು ಬರಬೇಕು; ಬರಲಿಲ್ಲವೆಂದರೆ ಸೂಜಿ ಲೋಹಕ್ಕೆ ತಾಗಿಲ್ಲ, ಮತ್ತೊಮ್ಮೆ ಅಳೆಯಿರಿ.

ಕಾರಿನ ಮುಂಭಾಗಕ್ಕೆ ಎಂದಾದರೂ ಪೆಟ್ಟು ಬಿದ್ದು ರಿಪೇರಿಯಾಗಿತ್ತೇ, ಇಲಿಗಳ ಕಾಟವಿತ್ತೇ ಎಂಬುದನ್ನೂ ತಿಳಿಸಿ.

ಉತ್ತರ 3: ಮಂಗಳೂರಿನಿಂದ

ಫ್ಯಾನಿಗೆ ಡೈರೆಕ್ಟ್ ಕೊಡುವ ಬಗ್ಗೆ ಹೇಳಬೇಕಾದ್ದಿದೆ. ನನ್ನ ಹಿಂದಿನ ಕಾರಿಗೆ ಹಾಗೆಯೇ ಮಾಡಿಸಿದ್ದೆ. ಇಗ್ನಿಷನ್ ಲೈನಿನಿಂದ ನೇರವಾಗಿ ತೆಳ್ಳನೆಯ ವೈರ್ ಎಳೆದು, ನಡುವೆ ಫ್ಯೂಸೂ ಇಲ್ಲದೆ, ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸ್ವಿಚ್ ಕೂರಿಸಿಕೊಟ್ಟರು. ಆರು ತಿಂಗಳಿಗೆ ಆ ಸ್ವಿಚ್ಚಿನ ಹಿಂಬದಿ ಕರಗಿ, ಕಾರಿನೊಳಗೆ ಸುಟ್ಟ ವಾಸನೆ ತುಂಬಿತು. ನನ್ನ ಹೆಂಡತಿ ಕಾರನ್ನು ಒಯ್ದ ದಿನವೊಂದರಲ್ಲಿ ಸ್ವಿಚ್ ಹಾಕುವುದು ಮರೆತು ಹೋಗಿ, ಎಂಜಿನ್ ಕಾದು ಅದರ ತಲೆಭಾಗದ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಯಿತು. ತಪ್ಪು ಅವಳದಲ್ಲ, ಎಂಜಿನ್ನಿನ ಪ್ರಾಣವನ್ನು ಮನುಷ್ಯರ ನೆನಪಿಗೆ ಕಟ್ಟಿಹಾಕಿದ್ದೇ ತಪ್ಪು. ಘಾಟಿಯಲ್ಲಿ ಕೈಕೊಟ್ಟಾಗ ಮನೆ ಸೇರಿಕೊಳ್ಳಲು ರಿಲೇ ಕಳಚಿ, ಅದರ ಸಾಕೆಟ್ಟಿನ 30 ಮತ್ತು 87ನೇ ತೂತುಗಳನ್ನು ದಪ್ಪ ವೈರಿನಿಂದ ಜೋಡಿಸಿಕೊಳ್ಳುವುದು ಬೇರೆ ಮಾತು. ಅಲ್ಲಿ ಮೂಲ ಫ್ಯೂಸ್ ಇನ್ನೂ ಕಾವಲಿಗಿರುತ್ತದೆ, ಊರು ಮುಟ್ಟಿದ ಕೂಡಲೇ ತೆಗೆದುಬಿಡಬಹುದು. ಥರ್ಮೋಸ್ಟ್ಯಾಟ್ ಕಿತ್ತು ಬಿಸಾಡಿ ಓಡಿಸುವ ಸಲಹೆ ಯಾರಾದರೂ ಕೊಟ್ಟರೆ ಅದನ್ನೂ ಒಪ್ಪಬೇಡಿ. ಎಂಜಿನ್ ಸದಾ ತಣ್ಣಗೆ ಓಡುತ್ತ ಪೆಟ್ರೋಲ್ ಕುಡಿಯುತ್ತದೆಯೇ ಹೊರತು ನಿಂತಾಗಿನ ಬಿಸಿ ನಿಲ್ಲುವುದಿಲ್ಲ.

ಓದುತ್ತಿರುವ ಇತರರಿಗೆ ಒಂದು ಮಾತು. ಎರಡು ವೇಗದ ಫ್ಯಾನ್ ಇರುವ ಕಾರುಗಳಲ್ಲಿ ಕಡಿಮೆ ವೇಗಕ್ಕೆಂದು ಇರುವ ರೆಸಿಸ್ಟರ್ ಸುಟ್ಟಿದ್ದರೆ ಎಸಿ ಹಾಕಿದಾಗ ಫ್ಯಾನ್ ತಿರುಗುವುದಿಲ್ಲ, ಬಿಸಿ ಮಿತಿ ಮೀರಿದಾಗ ಮಾತ್ರ ಒಮ್ಮೆಲೇ ಅಬ್ಬರಿಸುತ್ತದೆ. ಹೊಸ ಕಾರುಗಳಲ್ಲಿ ಮೋಟಾರಿನ ಜೊತೆಗೇ ಕಂಟ್ರೋಲ್ ಮಾಡ್ಯೂಲ್ ಇರುವಂಥವಕ್ಕೆ ಈ ಬಗೆಯ ವೈರ್ ಜೋಡಣೆ ಯಾವುದನ್ನೂ ಮಾಡಲೇಬಾರದು.

ಪ್ರಶ್ನೆ ಕೇಳಿದವರು

ಹಿರಿಯರಿಗೆ ವಂದನೆಗಳು. ಭಾನುವಾರ ಪೂರ್ತಿ ಇದರಲ್ಲೇ ಕಳೆದೆ. ಕೂಲೆಂಟ್ ಕತ್ತಿನವರೆಗಿದೆ, ಕೆಳಗಿನ ಹೋಸ್ ಕೂಡ ಬಿಸಿಯಾಗುತ್ತದೆ. 97 ಡಿಗ್ರಿಗೆ ರಿಲೇ ಟಕ್ ಎಂದಿತು. ಫ್ಯಾನ್ ತಿರುಗತೊಡಗಿತಾದರೂ ಮೇಜಿನ ಫ್ಯಾನ್ ಒಂದನೇ ನಂಬರಿನಲ್ಲಿ ತಿರುಗಿದಂತಿತ್ತು, ಬಿಸಿ 104ರವರೆಗೂ ಏರಿತು, ನಾನು ಎಂಜಿನ್ ನಿಲ್ಲಿಸಿದೆ. ಆರಿದ ಮೇಲೆ ಎಸಿ ಹಾಕಿ ಅಳೆದೆ. ಬ್ಯಾಟರಿ 13.8. ಮೋಟಾರಿನ ಮೇಲೆ 8.6. ಪಾಸಿಟಿವ್ ಕಡೆ 0.4. ನೆಗೆಟಿವ್ ಕಡೆ 4.8. ನನ್ನ ಮೀಟರೇ ಕೆಟ್ಟಿದೆಯೆಂದುಕೊಂಡು ಪಕ್ಕದ ಮನೆಯವರದನ್ನು ತಂದು ಅಳೆದರೂ ಅದೇ ಬಂತು.

ಎರಡು ವರ್ಷದ ಹಿಂದೆ ಎದುರಿನ ಸ್ಕೂಟರ್ ತಾಗಿ ಎಡಗಡೆಯ ಮುಂಭಾಗ ಜಜ್ಜಿತ್ತು. ತಗ್ಗು ತೆಗೆಸಿ ಬಣ್ಣ ಹೊಡೆಸಿದ್ದೆ. ಇಲಿಗಳ ಕಾಟವಿಲ್ಲ. ಇನ್ನೊಂದು ಅನುಮಾನ: ಅರ್ಥ್ ಕೆಟ್ಟಿದ್ದರೆ ಇಸಿಎಂ ಯಾವ ಕೋಡನ್ನೂ ಏಕೆ ತೋರಿಸಲಿಲ್ಲ?

ಉತ್ತರ 2ರ ಸದಸ್ಯರು, ಸಾಗರ

8.6, 0.4, 4.8 ಕೂಡಿದರೆ 13.8. ಅಳತೆ ಅಚ್ಚುಕಟ್ಟಾಗಿದೆ, ನಿಮ್ಮ ಮೀಟರಿನಲ್ಲಿ ದೋಷವಿಲ್ಲ. ಮೋಟಾರಿನಿಂದ ಬ್ಯಾಟರಿಗೆ ಮರಳುವ ದಾರಿಯಲ್ಲೇ 4.8 ವೋಲ್ಟ್ ಸೋರುತ್ತಿದೆ. 10 ಆಂಪಿಯರ್ ಹರಿಯುತ್ತಿದೆ ಎಂದುಕೊಂಡರೂ ಆ ಒಂದು ಜಾಗದಲ್ಲಿ 48 ವ್ಯಾಟ್ ಬಿಸಿ ಹುಟ್ಟುತ್ತಿದೆ. ಹೆಡ್‌ಲೈಟಿನ ಹಳೆಯ ಹ್ಯಾಲೋಜನ್ ಬಲ್ಬ್ 55 ವ್ಯಾಟ್ ಎಂಬುದನ್ನು ನೆನೆದರೆ ಅದೆಷ್ಟು ಎಂದು ಅಂದಾಜಾಗುತ್ತದೆ. ಬಿಸಿಯಾದಷ್ಟೂ ಅಲ್ಲಿನ ತುಕ್ಕು ಬೆಳೆಯುತ್ತದೆ, ತುಕ್ಕು ಬೆಳೆದಷ್ಟೂ ಬಿಸಿ ಹೆಚ್ಚುತ್ತದೆ. ಹಾಗಾಗಿಯೇ ಕೆಲವೊಮ್ಮೆ ಪೂರ್ತಿ ಕೈಕೊಟ್ಟು, ಆರಿದ ಮೇಲೆ ಮತ್ತೆ ತಿರುಗುವುದು. ಹೊಸ ಮೋಟಾರ್ ಹಾಕಿದಾಗ ಎರಡು ವಾರ ಸರಿಯಿದ್ದದ್ದು, ಬಹುಶಃ ಬಿಚ್ಚಿ ಕಟ್ಟುವಾಗ ಆ ವೈರ್ ಸ್ವಲ್ಪ ಅಲುಗಾಡಿ ಹೊಸ ಜಾಗಕ್ಕೆ ತಾಗಿಕೊಂಡದ್ದರಿಂದ.

ಕೋಡ್ ಏಕಿಲ್ಲವೆಂದರೆ, ಪಿ0480ರಂಥ ಕೋಡ್ ನೋಡಿಕೊಳ್ಳುವುದು ನಿಮ್ಮ ಕಾರಿನಂಥ ಜೋಡಣೆಯಲ್ಲಿ ರಿಲೇ ಕಾಯಿಲ್‌ನ ಸಣ್ಣ ದಾರಿಯನ್ನು ಮಾತ್ರ. ಕಾಯಿಲ್ ಎಳೆಯಿತೆಂದರೆ ಇಸಿಎಂ ಪಾಲಿಗೆ ಫ್ಯಾನ್ ತಿರುಗಿದಂತೆಯೇ. ಅದಕ್ಕೆ ಆಚೆಗೆ ಕಣ್ಣಿಲ್ಲ.

ಈಗ ಮೋಟಾರಿನ ಕಪ್ಪು ವೈರನ್ನು ಹಿಡಿದುಕೊಂಡು ಅದು ಬಾಡಿಗೆ ಸೇರುವ ತಿಂಬಲ್ (ವೈರಿನ ತುದಿಗೆ ಒತ್ತಿದ, ಬೋಲ್ಟಿನಿಂದ ಬಿಗಿಯುವ ಲೋಹದ ಬಳೆ) ಇರುವಲ್ಲಿಗೆ ಹೋಗಿ. ಎಡಗಡೆಯ ಹೆಡ್‌ಲೈಟಿನ ಹಿಂದೆ ಅಥವಾ ಬ್ಯಾಟರಿ ತಟ್ಟೆಯ ಕೆಳಗೆ ಇರಬಹುದು. ಫ್ಯಾನ್ ತಿರುಗುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ತಿಂಬಲ್ ಮೇಲೆ, ಇನ್ನೊಂದನ್ನು ಅದರ ಪಕ್ಕದ ಬರಿ ಲೋಹದ ಮೇಲೆ ಇಡಿ. 4.8ರ ಬಹುಪಾಲು ಅಲ್ಲೇ ಸಿಕ್ಕರೆ ಜಾಗ ಸಿಕ್ಕಿತು. ಸಿಗದಿದ್ದರೆ ಬ್ಯಾಟರಿಯಿಂದ ಬಾಡಿಗೆ ಬರುವ ದಪ್ಪ ಕೇಬಲ್ ನೋಡಬೇಕು, ಆದರೆ ಅದು ಕೆಟ್ಟಿದ್ದರೆ ಹೆಡ್‌ಲೈಟೂ ಮಂಕಾಗುತ್ತಿತ್ತು. ತಿಂಬಲ್ ಮುಟ್ಟುವಾಗ ಎಚ್ಚರ, ಸುಡುತ್ತಿರುತ್ತದೆ.

ಪ್ರಶ್ನೆ ಕೇಳಿದವರು

ಜಾಗ ಸಿಕ್ಕಿತು. ಬ್ಯಾಟರಿ ಮತ್ತು ತಟ್ಟೆ ಎರಡನ್ನೂ ಎತ್ತಿದ ಮೇಲೆ, ಎಡಗಡೆಯ ಚೌಕಟ್ಟಿನ ಮೇಲೆ ಹತ್ತು ಎಂಎಂ ಸ್ಪ್ಯಾನರಿನ ಬೋಲ್ಟೊಂದರ ಕೆಳಗೆ ಎರಡು ತಿಂಬಲ್‌ಗಳು ಒಂದರ ಮೇಲೊಂದು ಕೂತಿದ್ದವು. ಮೀಟರ್ ಅಲ್ಲಿ 4.5 ತೋರಿಸಿತು. ಬೋಲ್ಟ್ ಬಿಚ್ಚಿ ನೋಡಿದರೆ, ಬಣ್ಣ ಹೊಡೆಯುವಾಗ ಬೋಲ್ಟಿನ ಸುತ್ತಲೂ ಬಣ್ಣ ಬಿದ್ದಿದ್ದು, ಅದರ ಮೇಲೆಯೇ ತಿಂಬಲ್ ಇಟ್ಟು ಬಿಗಿದಿದ್ದಾರೆ. ಇಷ್ಟು ದಿನ ಕರೆಂಟ್ ಬಾಡಿಗೆ ಹೋಗುತ್ತಿದ್ದದ್ದು ಬೋಲ್ಟಿನ ಮರೆಯ (ಸುರುಳಿ ಗೆರೆಗಳ) ಮೂಲಕ ಮಾತ್ರ. ಆ ಮರೆಯಲ್ಲಿ ಕಂದು ಪುಡಿ, ತಾಮ್ರದ ಮೇಲೆ ಹಸಿರು ಕಿಲುಬು, ಮೇಲಿನ ತಿಂಬಲ್ ಬಳಿ ವೈರಿನ ಹೊದಿಕೆ ಬೆರಳಿನ ಅಗಲದಷ್ಟು ಕಪ್ಪಾಗಿ ಗಟ್ಟಿಯಾಗಿ, ಬಗ್ಗಿಸಿದರೆ ಚಕ್ಕೆಯಾಗಿ ಉದುರಿತು.

ಸುಟ್ಟ ಭಾಗವನ್ನು ಕತ್ತರಿಸಿ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗಿ, ಹೊಸ ತಿಂಬಲ್ ಒತ್ತಿಸಿಕೊಂಡು ಬಂದೆ. ಬಾಡಿಯ ಬಣ್ಣವನ್ನು ಒಂದು ರೂಪಾಯಿ ನಾಣ್ಯದಷ್ಟು ಅಗಲ ಉಪ್ಪುಕಾಗದದಿಂದ ಉಜ್ಜಿ ಬರಿ ಲೋಹ ಕಾಣಿಸಿದೆ, ಹೊಸ ಬೋಲ್ಟ್ ಹಾಕಿದೆ. ಈಗ ಎಸಿ ಹಾಕಿದಾಗ ಮೋಟಾರಿನ ಮೇಲೆ 13.1, ಪಾಸಿಟಿವ್ ಕಡೆ 0.6, ನೆಗೆಟಿವ್ ಕಡೆ 0.1. ಫ್ಯಾನಿನ ಸದ್ದು ಅಂಗಳದ ಆಚೆಗೂ ಕೇಳಿಸಿ ಅಮ್ಮ ಹೊರಗೆ ಬಂದು ನೋಡಿದರು. ಮುಕ್ಕಾಲು ಗಂಟೆ ನಿಂತಲ್ಲೇ ಓಡಿಸಿದೆ: 97ಕ್ಕೆ ಹಾಕಿಕೊಳ್ಳುತ್ತದೆ, 92ಕ್ಕೆ ನಿಲ್ಲುತ್ತದೆ, ಒಮ್ಮೆಯೂ 98 ದಾಟಲಿಲ್ಲ.

ಎರಡು ಸಣ್ಣ ಪ್ರಶ್ನೆಗಳು ಉಳಿದಿವೆ. ಪಾಸಿಟಿವ್ ಕಡೆ 0.4 ಇದ್ದದ್ದು 0.6 ಆದದ್ದು ಹೊಸ ದೋಷವೇ? ಆ ಬೋಲ್ಟಿಗೆ ಮತ್ತೆ ತುಕ್ಕು ಹಿಡಿಯದಂತೆ ಏನು ಹಚ್ಚಬೇಕು?

ಉತ್ತರ 2ರ ಸದಸ್ಯರು, ಸಾಗರ

0.6 ದೋಷವಲ್ಲ. ಈಗ ಮೋಟಾರಿಗೆ ಪೂರ್ತಿ ವೋಲ್ಟೇಜ್ ಸಿಕ್ಕಿ ಅದು ಹೆಚ್ಚು ಕರೆಂಟ್ ಎಳೆಯುತ್ತಿದೆ, ಅದೇ ವೈರಿನಲ್ಲಿ ಹೆಚ್ಚು ಕರೆಂಟ್ ಹರಿದರೆ ನಷ್ಟವೂ ಅದಕ್ಕೆ ತಕ್ಕಂತೆ ಏರುತ್ತದೆ. ಆದರೂ ರಿಲೇ ಕಳಚಿ ಅದರ ಸಾಕೆಟ್ಟಿನ ಪ್ಲಾಸ್ಟಿಕ್ ಕಂದಿದೆಯೇ ಎಂದು ಒಮ್ಮೆ ನೋಡಿಬಿಡಿ. ಕಂದಿದ್ದರೆ ಒಳಗಿನ ಕ್ಲಿಪ್ ಸಡಿಲವಾಗಿದೆ, ಅದನ್ನೂ ಈಗಲೇ ಬದಲಿಸಬೇಕು.

ಲೋಹಕ್ಕೆ ಲೋಹ ತಾಗುವಂತೆ ಪೂರ್ತಿ ಬಿಗಿದ ಮೇಲೆ ತಿಂಬಲ್ ಮತ್ತು ಬೋಲ್ಟಿನ ತಲೆಯನ್ನು ಪೆಟ್ರೋಲಿಯಂ ಜೆಲ್ಲಿಯಿಂದ ದಪ್ಪಗೆ ಮುಚ್ಚಿ. ಉಜ್ಜಿದ ಜಾಗದ ಸುತ್ತ ಉಳಿದ ಬರಿ ಲೋಹಕ್ಕೂ ಹಚ್ಚಿ, ನಮ್ಮ ಮಳೆಗೆ ಅದು ಒಂದೇ ತಿಂಗಳಲ್ಲಿ ಕೆಂಪಾಗುತ್ತದೆ. ಅದೇ ಬೋಲ್ಟಿನ ಕೆಳಗಿದ್ದ ಎರಡನೇ ತಿಂಬಲ್ ಎಡಗಡೆಯ ಹೆಡ್‌ಲೈಟಿನದ್ದೋ ಹಾರ್ನಿನದ್ದೋ ಇರಬೇಕು. ಅದನ್ನೂ ಉಜ್ಜಿದ್ದೀರಿ ತಾನೇ? ತೆಗೆಸಿಹಾಕಿದ ಹಳೆಯ ಮೋಟಾರ್ ನಿಮ್ಮ ಬಳಿಯಿದ್ದರೆ ಎಸೆಯಬೇಡಿ, ಫ್ಯೂಸ್ ಹಾಕಿದ ವೈರಿನಿಂದ ಬ್ಯಾಟರಿಗೆ ಕೊಟ್ಟು ನೋಡಿ. ರೆಕ್ಕೆಯಿರುವುದರಿಂದ ಕಾಲಿನ ಕೆಳಗೆ ಅದುಮಿ ಹಿಡಿಯಲು ಹೋಗದೆ, ಬೆಂಚಿಗೆ ಬಿಗಿದು ಕಟ್ಟಿಯೇ ಕರೆಂಟ್ ಕೊಡಿ.